ಮಲೆನಾಡಿನ ತೋಟದ ಮನೆಗೆ ಯಾವ ನಾಯಿ? ಮುಧೋಳವೋ, ರಾಜಪಾಳಯಮೋ?

ಮಲೆನಾಡಿನಲ್ಲಿ ನಾಯಿ ಇಲ್ಲದ ಮನೆ ಅಪರೂಪ. ಸಕಲೇಶಪುರ, ಆಲೂರು ತಾಲ್ಲೂಕುಗಳ ಗುಡ್ಡಗಳಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಟ, ಗದ್ದೆ, ಹಳ್ಳಗಳಿರುತ್ತವೆ. ಕೂಗಿದರೆ ನೆರೆಯವರಿಗೆ ಕೇಳಿಸುವಂತಿರುವುದಿಲ್ಲ. ಡಿಸೆಂಬರಿನಿಂದ ಮಾರ್ಚಿಯವರೆಗೆ ಕಣದಲ್ಲಿ ಕಾಫಿ ಹಾಗೂ ಮೆಣಸು ಒಣಗುತ್ತಿರುವಾಗ ಕಳ್ಳರ ಭಯ. ಮಳೆಗಾಲದಲ್ಲಿ ಕೊಟ್ಟಿಗೆಯ ಕರುವಿಗೂ ಗೂಡಿನ ಕೋಳಿಗೂ ಕಾಡುಪ್ರಾಣಿಗಳ ಭಯ. ಹೀಗಾಗಿ ನಾಯಿ ಇಲ್ಲಿ ಶೋಕಿಯ ವಸ್ತುವಲ್ಲ, ಬೇಸಾಯದ ಒಂದು ಅಂಗ.

ಈಚಿನ ವರ್ಷಗಳಲ್ಲಿ ನಮ್ಮ ದೇಶದ ನಾಯಿ ತಳಿಗಳ ಬಗ್ಗೆ ಜನರಲ್ಲಿ ಆಸಕ್ತಿ ಬೆಳೆದಿದೆ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಶೀ ತಳಿಗಳ ಅಂಚೆಚೀಟಿಗಳನ್ನು ಹೊರಡಿಸಿದಾಗ ಅವುಗಳಲ್ಲಿ ಮುಧೋಳ, ರಾಜಪಾಳಯಂ ಎರಡೂ ಇದ್ದವು. 2016ರಲ್ಲಿ ಮುಧೋಳದ ಮರಿಗಳನ್ನು ಸೇನೆಯವರು ತರಬೇತಿಗಾಗಿ ಮೀರತ್‌ಗೆ ಒಯ್ದರು. 2020ರ ಆಗಸ್ಟ್‌ನಲ್ಲಿ ಪ್ರಧಾನಮಂತ್ರಿಯವರು ಆಕಾಶವಾಣಿಯ ತಮ್ಮ ಭಾಷಣದಲ್ಲಿ ಈ ಎರಡು ತಳಿಗಳ ಹೆಸರು ಹೇಳಿ, ನಾಯಿ ಸಾಕುವವರು ದೇಶೀ ತಳಿಯನ್ನೇ ಸಾಕಬೇಕೆಂದು ಕರೆ ಕೊಟ್ಟರು. ಇದರಿಂದಾಗಿ ತೋಟಕ್ಕೆ ಒಂದು ಒಳ್ಳೆಯ ನಾಯಿ ತರಬೇಕೆಂದಿರುವ ಬೆಳೆಗಾರರ ಮುಂದೆ ಈ ಎರಡು ಹೆಸರುಗಳು ಮೊದಲು ಬಂದು ನಿಲ್ಲುತ್ತವೆ.

ಎರಡೂ ಬೇಟೆಗೆಂದು ಬೆಳೆದು ಬಂದ ತಳಿಗಳು. ಎರಡೂ ಬಿಸಿಲು ನಾಡಿನವು. ಅವುಗಳನ್ನು ಶಿರಾಡಿ ಘಾಟಿಯ ನೆತ್ತಿಯಲ್ಲಿರುವ ಮಾರನಹಳ್ಳಿಯಂಥ ಊರಿಗೆ ತಂದರೆ ಏನಾಗುತ್ತದೆ ಎಂಬುದನ್ನು ಹಣ ಕೊಡುವ ಮೊದಲೇ ಯೋಚಿಸಬೇಕು. ಹೆಸರು ಕೇಳಿ ತಂದ ಮರಿ ಮೊದಲ ಮಳೆಗಾಲದಲ್ಲೇ ಸತ್ತರೆ ರೈತನಿಗೂ ನಷ್ಟ, ತಳಿಗೂ ನಷ್ಟ.

ಮೊದಲು ಕೆಲಸ ಯಾವುದೆಂದು ನಿರ್ಧರಿಸಿ

ಎತ್ತು ಕೊಳ್ಳುವಾಗ ಗಾಡಿಗೋ ಉಳುಮೆಗೋ ಎಂದು ಕೇಳಿಯೇ ಕೊಳ್ಳುತ್ತೇವೆ. ನಾಯಿಗೂ ಅದೇ ಮಾತು ಸಲ್ಲುತ್ತದೆ. ಹಿಂದೆ ಮಲೆನಾಡಿನಲ್ಲಿ ನಾಯಿ ಸಾಕುತ್ತಿದ್ದುದು ಕಾವಲಿಗೆ ಮತ್ತು ಶಿಕಾರಿಗೆ. ಇವೆರಡರಲ್ಲಿ ಶಿಕಾರಿ ಈಗ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಬೇಟೆ ಎಂದರೆ ಕೋವಿಯಿಂದ ಕೊಲ್ಲುವುದು ಮಾತ್ರವಲ್ಲ. ಪ್ರಾಣಿಯನ್ನು ಅಟ್ಟುವುದು, ನಾಯಿ ಬಿಟ್ಟು ಓಡಿಸಿ ಹಿಡಿಸುವುದು, ಉರುಳು ಹಾಕುವುದು, ಬಲೆ ಒಡ್ಡುವುದು, ಇವುಗಳಿಗೆ ಪ್ರಯತ್ನಿಸುವುದು ಎಲ್ಲವೂ ಬೇಟೆಯೇ. 2022ರಲ್ಲಿ ತಿದ್ದುಪಡಿಯಾದ ಈ ಕಾಯಿದೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮೊಲ, ಕಾಡುಕುರಿ, ಕಾಡುಹಂದಿ ಯಾವುದಕ್ಕೂ ವಿನಾಯಿತಿ ಇಲ್ಲ. ಅಪರಾಧ ಸಾಬೀತಾದರೆ ಸಾಮಾನ್ಯವಾಗಿ 3 ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡೂ. ಮೊದಲ ಅನುಸೂಚಿಯ ಪ್ರಾಣಿಯಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ.

ಗದ್ದೆಗೆ ಹಂದಿ ಬಂತೆಂದು ನಾಯಿಯನ್ನು ಕಾಡಿನೊಳಕ್ಕೆ ಛೂ ಬಿಡುವ ಹಳೆಯ ಅಭ್ಯಾಸವನ್ನೂ ಆದ್ದರಿಂದ ಬಿಡಬೇಕು. ಬೆಳೆ ನಷ್ಟವಾದರೆ ವಲಯ ಅರಣ್ಯಾಧಿಕಾರಿಗಳಿಗೆ ಅರ್ಜಿ ಕೊಟ್ಟು ಪರಿಹಾರ ಪಡೆಯುವುದೇ ಸರಿಯಾದ ದಾರಿ. ಬೇಟೆ ನಾಯಿಯ ತಳಿ ಸಾಕುವುದು ತಪ್ಪಲ್ಲ. ಆದರೆ ಅದರಿಂದ ಬೇಟೆಯಾಡಿಸುವುದು ತಪ್ಪು. ಹೀಗಾಗಿ ಉಳಿದ ಪ್ರಶ್ನೆ ಒಂದೇ: ಬೇಟೆಗೆಂದು ಹುಟ್ಟಿದ ಈ ಎರಡು ತಳಿಗಳಲ್ಲಿ ಯಾವುದು ಕಾವಲಿನ ಕೆಲಸಕ್ಕೆ, ಅದೂ ಈ ಮಳೆಯ ನಾಡಿನಲ್ಲಿ, ಒದಗಿ ಬರುತ್ತದೆ?

ಮುಧೋಳ ನಾಯಿ

ಬಾಗಲಕೋಟೆ ಜಿಲ್ಲೆಯ ಮುಧೋಳ ಮತ್ತು ಸುತ್ತಲಿನ ಬಯಲುಸೀಮೆ ಈ ತಳಿಯ ತವರು. ಮುಧೋಳ ಸಂಸ್ಥಾನದ ಅರಸರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಬೇಡ ಜನರ ಬಳಿಯಿದ್ದ ಓಟದ ನಾಯಿಗಳನ್ನು ಗಮನಿಸಿ, ಆರಿಸಿ, ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಈ ತಳಿಯನ್ನು ಉಳಿಸಿ ಬೆಳೆಸಿದರು. ಅವರು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್ ಅವರಿಗೆ ಒಂದು ಜೋಡಿ ಕಾಣಿಕೆಯಾಗಿ ಕೊಟ್ಟ ಮೇಲೆ ಮುಧೋಳದ ಹೆಸರೇ ತಳಿಗೆ ನಿಂತಿತೆಂದು ಹೇಳುತ್ತಾರೆ. ಭಾರತೀಯ ಕೆನಲ್ ಕ್ಲಬ್ಬಿನ ದಾಖಲೆಯಲ್ಲಿ ಇದರ ಹೆಸರು ಕ್ಯಾರವಾನ್ ಹೌಂಡ್. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದ್ದು, ತಳಿಯ ಶುದ್ಧತೆ ಕಾಪಾಡುವ ಕೆಲಸ ಅಲ್ಲಿ ನಡೆಯುತ್ತದೆ.

ಉದ್ದ ತಲೆ, ಕಿರಿದಾದ ಮೂತಿ, ಆಳವಾದ ಎದೆ, ಒಳಕ್ಕೆ ಸೇರಿಕೊಂಡ ಹೊಟ್ಟೆ, ಉದ್ದ ಕಾಲು ಇವು ಮುಧೋಳದ ಲಕ್ಷಣಗಳು. ಬೆಳೆದ ನಾಯಿಯ ಎತ್ತರ ಸುಮಾರು 65ರಿಂದ 72 ಸೆಂ.ಮೀ.; ತೂಕ 20ರಿಂದ 28 ಕಿ.ಗ್ರಾಂ. ಕೂದಲು ಗಿಡ್ಡ ಮತ್ತು ನಯ. ಕಂದು, ಬೂದು, ಕಪ್ಪು, ಕೆನೆ ಹೀಗೆ ಬಣ್ಣ ಹಲವು. ಇದು ವಾಸನೆಗಿಂತ ಹೆಚ್ಚಾಗಿ ಕಣ್ಣಿನಿಂದ ಕೆಲಸ ಮಾಡುವ ನಾಯಿ. ದೂರದಲ್ಲಿ ಅಲುಗಿದ್ದನ್ನು ಕಂಡು, ಬಯಲಿನಲ್ಲಿ ಅಟ್ಟಿಸಿ ಹಿಡಿಯುವುದೇ ಇದರ ಹುಟ್ಟುಗುಣ. ಮನೆಯವರೊಡನೆ ಸಾಧು, ಹೊರಗಿನವರ ವಿಷಯದಲ್ಲಿ ಬಿಗುಮಾನ. ಸುಮ್ಮಸುಮ್ಮನೆ ಬೊಗಳುವುದು ಕಡಿಮೆ. ಒರಟಾಗಿ ಹೊಡೆದು ಬಡಿದು ಪಳಗಿಸಲು ಹೋದರೆ ನಾಯಿ ಅಂಜುಬುರುಕವಾಗುತ್ತದೆ. ಸದಾ ಸರಪಳಿಯಲ್ಲಿ ಕಟ್ಟಿಹಾಕಿದರೆ ಕೆಡುತ್ತದೆ.

ರಾಜಪಾಳಯಂ ನಾಯಿ

ತಮಿಳುನಾಡಿನ ವಿರುಧುನಗರ ಜಿಲ್ಲೆಯ ರಾಜಪಾಳಯಂ ಈ ತಳಿಯ ಊರು. ಪಾಳೆಯಗಾರರ ಕಾಲದಿಂದ ಹಂದಿ ಬೇಟೆಗೂ ಮನೆ, ಹೊಲಗಳ ಕಾವಲಿಗೂ ಇದನ್ನು ಸಾಕಿಕೊಂಡು ಬಂದಿದ್ದಾರೆ. ಚೆನ್ನೈನ ಸೈದಾಪೇಟೆಯಲ್ಲಿ ತಮಿಳುನಾಡು ಸರ್ಕಾರದ ಪಶುಸಂಗೋಪನಾ ಇಲಾಖೆ ಈ ತಳಿಯ ಸಂವರ್ಧನೆ ನಡೆಸಿಕೊಂಡು ಬಂದಿದೆ. ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆ ದೇಶೀ ನಾಯಿ ತಳಿಗಳನ್ನು ನೋಂದಾಯಿಸತೊಡಗಿದಾಗ ಮೊದಲು ಸೇರಿದವು ಮೂರು: ರಾಜಪಾಳಯಂ, ಚಿಪ್ಪಿಪಾರೈ ಮತ್ತು ಮುಧೋಳ.

ಅಚ್ಚ ಬಿಳಿಯ ಮೈ, ಗುಲಾಬಿ ಮೂಗು, ಹೊಂಬಣ್ಣದ ಕಣ್ಣು ಇದರ ಗುರುತು. ಎತ್ತರದಲ್ಲಿ ಮುಧೋಳಕ್ಕೆ ಸಮ ಅಥವಾ ತುಸು ಹೆಚ್ಚು; ಮೂಳೆ ದಪ್ಪ, ಎದೆ ಅಗಲ, ಮೈಕಟ್ಟು ಭಾರ. ಒಬ್ಬನೇ ಯಜಮಾನನಿಗೆ ಅಂಟಿಕೊಳ್ಳುವ ಸ್ವಭಾವ. ಅಪರಿಚಿತರನ್ನು ಹತ್ತಿರ ಸೇರಿಸುವುದಿಲ್ಲ. ತನ್ನ ಎಲ್ಲೆಯನ್ನು ತಾನೇ ಗೊತ್ತುಮಾಡಿಕೊಂಡು ಕಾಯುತ್ತದೆ. ಕಾವಲಿನ ಗುಣ ಮುಧೋಳಕ್ಕಿಂತ ಇದರಲ್ಲಿ ಹೆಚ್ಚು.

ಆದರೆ ಇದಕ್ಕೆ ಎರಡು ದೋಷಗಳಿವೆ. ಒಂದು, ಅಚ್ಚ ಬಿಳಿ ಬಣ್ಣದ ಜೊತೆಗೇ ಬರುವ ಕಿವುಡು. ಮೈಗೆ ಬಣ್ಣ ಕೊಡುವ ಜೀವಕೋಶಗಳು ಒಳಗಿವಿಯ ಕೆಲಸಕ್ಕೂ ಬೇಕು. ಅವು ಅಲ್ಲಿ ಇಲ್ಲವಾದಾಗ ಮರಿ ಹುಟ್ಟಿದ ಕೆಲವೇ ವಾರಗಳಲ್ಲಿ ಕಿವುಡಾಗುತ್ತದೆ. ಒಂದೇ ಸೂಲಿನಲ್ಲಿ ಕೆಲವು ಮರಿ ಕಿವುಡು, ಕೆಲವು ಸರಿಯಾಗಿ ಇರಬಹುದು. ಎರಡು, ಬಿಳಿಯ ಚರ್ಮ ಸೂಕ್ಷ್ಮ. ಬಿಸಿಲಿಗೂ ಚರ್ಮರೋಗಕ್ಕೂ ಬೇಗ ತುತ್ತಾಗುತ್ತದೆ.

ಮಲೆನಾಡಿನ ತಕ್ಕಡಿಯಲ್ಲಿ

ಎರಡೂ ತಳಿಗಳ ಗುಣವನ್ನು ಅವುಗಳ ತವರಿನಲ್ಲಿ ನೋಡಿದರೆ ಸಾಲದು, ತರುವ ಜಾಗದಲ್ಲಿ ನಿಲ್ಲಿಸಿ ನೋಡಬೇಕು. ಇಲ್ಲಿ ಐದು ಸಂಗತಿಗಳನ್ನು ಗಮನಿಸಬೇಕಾಗುತ್ತದೆ.

1. ಮಳೆ ಮತ್ತು ಥಂಡಿ: ಮುಧೋಳದ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ.ನ ಆಸುಪಾಸು. ಘಟ್ಟದ ಅಂಚಿನ ಮಾರನಹಳ್ಳಿ, ಬಿಸಿಲೆಯ ಕಡೆ 2,500 ಮಿ.ಮೀ.ಗೂ ಹೆಚ್ಚು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಪೂರ್ವಕ್ಕೆ ಆಲೂರಿನ ಕಡೆಗೆ ಬಂದಂತೆ ಮಳೆ ಬಹಳ ಇಳಿಯುತ್ತದೆ. ತೆಳು ಚರ್ಮ, ಗಿಡ್ಡ ಕೂದಲು, ಮೈಯಲ್ಲಿ ಕೊಬ್ಬಿಲ್ಲದ ಮುಧೋಳಕ್ಕೆ ವಾರಗಟ್ಟಲೆ ಹಿಡಿಯುವ ಜಡಿಮಳೆ ಹೆಚ್ಚು ಕಷ್ಟ. ರಾಜಪಾಳಯಂ ಥಂಡಿಯನ್ನು ಸ್ವಲ್ಪ ಹೆಚ್ಚು ತಡೆದರೂ ಅದರ ಚರ್ಮ ತೇವಕ್ಕೆ ಸೋಲುತ್ತದೆ. ಇಬ್ಬರಿಗೂ ಒಣ ಮಲಗುದಾಣ ಇಲ್ಲದೆ ನಡೆಯದು.

2. ತೋಟದ ಮರೆ: ಅರೇಬಿಕಾ ತೋಟದಲ್ಲಿ ಗಿಡದಿಂದ ಗಿಡಕ್ಕೆ ಸುಮಾರು 6 ಅಡಿ, ರೊಬಸ್ಟಾದಲ್ಲಿ ಸುಮಾರು 10 ಅಡಿ ಅಂತರ. ಮೇಲೆ ನೆರಳುಮರ, ಕೆಳಗೆ ಕವಲೊಡೆದ ಗಿಡ. ಹತ್ತು ಮಾರು ಆಚೆಗಿನದು ಕಾಣುವುದಿಲ್ಲ. ಕಣ್ಣಿನಿಂದ ಬೇಟೆಯಾಡುವ ಮುಧೋಳದ ದೊಡ್ಡ ಗುಣ ಇಲ್ಲಿ ಉಪಯೋಗಕ್ಕೆ ಬಾರದು. ಇಲ್ಲಿ ಬೇಕಾದುದು ಕಿವಿ ಮತ್ತು ಮೂಗು. ಆಲೂರಿನ ಕಡೆಯ ಬಯಲು ಗದ್ದೆ, ಜೋಳದ ಹೊಲ, ಆಲೂಗಡ್ಡೆಯ ಹೊಲಗಳಲ್ಲಿ ಮಾತ್ರ ಮುಧೋಳದ ಕಣ್ಣಿಗೂ ಕಾಲಿಗೂ ಕೆಲಸವಿದೆ.

3. ಬೇಲಿ, ದರೆ, ಉರುಳು: ಓಡುವ ನಾಯಿಗೆ ಮುಳ್ಳುತಂತಿ ದೊಡ್ಡ ಶತ್ರು. ಮುಧೋಳ ಓಟದ ರಭಸದಲ್ಲಿ ತಂತಿಗೆ ಬಿದ್ದರೆ ತೆಳು ಚರ್ಮ ಗೇಣುದ್ದ ಸೀಳುತ್ತದೆ. ದರೆಯಿಂದ ಹಾರಿದಾಗ ಉದ್ದ ಕಾಲಿನ ಮೂಳೆ ಮುರಿಯುವುದೂ ಉಂಟು. ಹಂದಿಗೆಂದು ಕಳ್ಳತನದಲ್ಲಿ ಕಟ್ಟುವ ತಂತಿ ಉರುಳಿಗೆ ಸಿಕ್ಕಿ ಸಾಯುವ ನಾಯಿಗಳೂ ಕಡಿಮೆಯೇನಿಲ್ಲ. ಹೊಲಿಗೆ ಹಾಕಿಸಲು ಅರಿವಳಿಕೆ ಕೊಡಬೇಕಾದಾಗ ಇದು ಮುಧೋಳ ತಳಿಯೆಂದು ವೈದ್ಯರಿಗೆ ಮೊದಲೇ ತಿಳಿಸಬೇಕು. ಮೈಯಲ್ಲಿ ಕೊಬ್ಬು ಕಡಿಮೆ ಇರುವ ಓಟದ ನಾಯಿಗಳು ಕೆಲವು ಅರಿವಳಿಕೆ ಔಷಧಿಗಳಿಂದ ಚೇತರಿಸಿಕೊಳ್ಳುವುದು ನಿಧಾನ.

4. ಚಿರತೆ: ಚಿರತೆಗೆ ನಾಯಿ ಸುಲಭದ ತುತ್ತು. ಅಂಗಳದಲ್ಲಿ ಕಟ್ಟಿದ ನಾಯಿಗೆ ಓಡಲೂ ಆಗದು, ಕಾದಾಡಲೂ ಆಗದು. ಎಷ್ಟು ಬಲಿಷ್ಠ ತಳಿಯಾದರೂ ಒಂಟಿ ನಾಯಿ ಚಿರತೆಗೆ ಸಾಟಿಯಲ್ಲ. ಬಿಳಿಯ ರಾಜಪಾಳಯಂ ಕತ್ತಲಲ್ಲಿ ಎದ್ದು ಕಾಣುವುದನ್ನೂ ನೆನಪಿಡಬೇಕು.

5. ಆನೆ: ಇದು ಎಲ್ಲಕ್ಕಿಂತ ಮುಖ್ಯ. 2012ರಲ್ಲಿ ಕರ್ನಾಟಕ ಆನೆ ಕಾರ್ಯಪಡೆ ಆಲೂರು, ಸಕಲೇಶಪುರ ಭಾಗದ ಆನೆಗಳನ್ನು ಹಿಡಿದು ಸಾಗಿಸಬೇಕೆಂದು ಶಿಫಾರಸು ಮಾಡಿತ್ತು. 2014ರಲ್ಲಿ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದ ಮೇಲೂ ಹೊಸ ಆನೆಗಳು ಬಂದು ಸೇರಿಕೊಂಡವು. ನಾಯಿ ಆನೆಯನ್ನು ಕಂಡು ಬೊಗಳಿ ಕೆಣಕುತ್ತದೆ; ಆನೆ ತಿರುಗಿದೊಡನೆ ಬಾಲ ಮುದುರಿ ಯಜಮಾನನ ಬಳಿಗೇ ಓಡಿ ಬರುತ್ತದೆ; ಹಿಂದೆಯೇ ಆನೆಯೂ ಬರುತ್ತದೆ. ಕಾಲಿಗೆ ಸಿಕ್ಕುವವನು ನಾಯಿಯಲ್ಲ, ಮನುಷ್ಯ. ಮುಂಜಾನೆ ತೋಟಕ್ಕೆ ಹೋಗುವಾಗ ನಾಯಿಯನ್ನು ಬಿಟ್ಟುಕೊಂಡು ಹೋಗುವುದು ಆದ್ದರಿಂದ ಅಪಾಯ. ಅಟ್ಟಿಸಿಕೊಂಡು ಹೋಗುವ ಗುಣ ಎಷ್ಟು ಹೆಚ್ಚೋ ಈ ಅಪಾಯವೂ ಅಷ್ಟೇ ಹೆಚ್ಚು. ಬೇಟೆ ತಳಿಗಳಲ್ಲಿ ಆ ಗುಣ ರಕ್ತದಲ್ಲೇ ಇದೆ.

ಯಾರಿಗೆ ಯಾವುದು?

ಮೇಲಿನ ಐದನ್ನೂ ಕೂಡಿಸಿ ನೋಡಿದಾಗ ಈ ಕೆಳಗಿನಂತೆ ನಿರ್ಧರಿಸಬಹುದು.

ಮುಧೋಳ: ಆಲೂರಿನ ಪೂರ್ವಭಾಗದಂತೆ ಮಳೆ ಕಡಿಮೆ ಇರುವ, ಮನೆಯ ಸುತ್ತ ಬೇಲಿ ಭದ್ರವಾಗಿರುವ ಒಂದೆರಡು ಎಕರೆ ಬಯಲು ಜಾಗವಿರುವ, ದಿನಕ್ಕೆ ಒಂದು ಗಂಟೆಯಾದರೂ ನಾಯಿಯೊಡನೆ ಕಳೆಯಬಲ್ಲ ಮನೆಗೆ ಯೋಗ್ಯ. ಘಟ್ಟದ ಅಂಚಿನ ದಟ್ಟ ತೋಟಕ್ಕೆ ಯೋಗ್ಯವಲ್ಲ.

ರಾಜಪಾಳಯಂ: ಕಣ, ಗೋದಾಮು, ಮನೆ ಒಂದೇ ಆವರಣದಲ್ಲಿದ್ದು, ಸುತ್ತ ಗೋಡೆ ಅಥವಾ ಗಟ್ಟಿ ಬೇಲಿ ಇರುವ ತೋಟದ ಮನೆಗೆ ಯೋಗ್ಯ. ಲೈನ್ ಮನೆಗಳ ಮಕ್ಕಳು, ಕೂಲಿಯವರು, ಹಾಲಿನವರು ದಿನವಿಡೀ ಓಡಾಡುವ ಅಂಗಳಕ್ಕೆ ಯೋಗ್ಯವಲ್ಲ. ಕಚ್ಚಿದರೆ ಜವಾಬ್ದಾರಿ ಯಜಮಾನನದೇ.

ನಾಟಿ ನಾಯಿ: ಬೇಲಿಯಿಲ್ಲದ, ಕಾಡಿಗೆ ಹೊಂದಿಕೊಂಡ, ಜಡಿಮಳೆಯ ಜಾಗಕ್ಕೆ ಈ ಎರಡೂ ಬೇಡ. ಅಲ್ಲೇ ಹುಟ್ಟಿ ಬೆಳೆದ ಊರ ನಾಯಿಯೇ ಮೇಲು. ಕಂತ್ರಿ ಎಂದು ಹೀನಾಯ ಮಾಡುವ ಈ ನಾಯಿ ಆ ನೆಲದ ಮಳೆ, ಉಣ್ಣೆ, ಇಂಬಳಗಳನ್ನು ತಲೆಮಾರುಗಳಿಂದ ತಡೆದು ಉಳಿದದ್ದು. ಕಿವಿ ಚುರುಕು, ಮೇವು ಕಡಿಮೆ. ಚುಚ್ಚುಮದ್ದು ಹಾಕಿಸಿ, ಸಂತಾನಶಕ್ತಿಹರಣ ಮಾಡಿಸಿ, ಹೊಟ್ಟೆ ತುಂಬ ಹಾಕಿ ಸಾಕಿದರೆ ಕಾವಲಿಗೆ ಇದರಲ್ಲಿ ಕೊರತೆ ಕಾಣುವುದಿಲ್ಲ.

ಬೇರೆ ಬೇರೆ ಜಾಗಗಳ ಉತ್ತರ ಬೇರೆ. ಮಾರನಹಳ್ಳಿಯ ಬೆಳೆಗಾರನಿಗೆ ಸರಿಯಾದದ್ದು ಆಲೂರಿನ ರೈತನಿಗೆ ಸರಿಯಾಗಬೇಕೆಂದಿಲ್ಲ. ನೆರೆಯವರು ತಂದರೆಂದು ತರುವುದು ಮಾತ್ರ ಎಲ್ಲಿಯೂ ಸರಿಯಲ್ಲ.

ಮರಿ ಆರಿಸುವಾಗ

ಮರಿಯನ್ನು ಸಾಧ್ಯವಾದಷ್ಟು ತಳಿಯ ತವರಿನಿಂದ, ದಾಖಲೆ ಇಟ್ಟಿರುವ ಸಾಕಣೆದಾರರಿಂದ ಅಥವಾ ಸರ್ಕಾರಿ ಕೇಂದ್ರದಿಂದ ತರಬೇಕು. 2017ರ ನಾಯಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಕೊಳ್ಳುವ ಮೊದಲು ಈ ಅಂಶಗಳನ್ನು ಪರೀಕ್ಷಿಸಿ:

ತಾಯಿ ನಾಯಿಯನ್ನು ಕಣ್ಣಾರೆ ನೋಡಬೇಕು. ತಾಯಿ ಅಂಜುಬುರುಕವಾದರೆ ಅಥವಾ ವಿನಾಕಾರಣ ಮೇಲೆರಗಿದರೆ ಮರಿಯನ್ನು ತರಬಾರದು.

ರಾಜಪಾಳಯಂ ಮರಿಯ ಕಿವಿ ಪರೀಕ್ಷೆ ಕಡ್ಡಾಯ. ಮರಿಗಳೆಲ್ಲ ಒಟ್ಟಿಗಿರುವಾಗ ಕಿವುಡು ಮರಿ ಉಳಿದವನ್ನು ನೋಡಿಯೇ ತಿರುಗುವುದರಿಂದ ದೋಷ ತಿಳಿಯುವುದಿಲ್ಲ. ಒಂದೇ ಮರಿಯನ್ನು ಬೇರೆ ಕೋಣೆಗೆ ಒಯ್ದು, ಅದರ ಹಿಂದೆ ಕಣ್ಣಿಗೆ ಬೀಳದಂತೆ ನಿಂತು ಚಪ್ಪಾಳೆ ತಟ್ಟಬೇಕು. ನೆಲ ಅದುರಬಾರದು, ಗಾಳಿ ತಾಗಬಾರದು. ಎಡಕ್ಕೂ ಬಲಕ್ಕೂ ಎರಡು ಮೂರು ಸಲ ಹೀಗೆ ಮಾಡಬೇಕು. ಒಂದು ಕಿವಿ ಮಾತ್ರ ಕೇಳುವ ಮರಿಗೆ ಸದ್ದು ಯಾವ ದಿಕ್ಕಿನದೆಂದು ಗೊತ್ತಾಗುವುದಿಲ್ಲ.

ಮುಧೋಳದ ಮರಿಯಲ್ಲಿ ಕಾಲುಗಳು ನೆಟ್ಟಗಿರಬೇಕು. ಮೂಳೆ ಸೊಟ್ಟಗಿದ್ದರೆ ಸುಣ್ಣದ ಅಂಶ ಸಾಲದೆಂದು ತಿಳಿಯಬೇಕು.

ಹೊಕ್ಕಳಿನಲ್ಲಿ ಗಂಟು ಇರಬಾರದು. ಮೇಲಿನ, ಕೆಳಗಿನ ಹಲ್ಲುಗಳು ಸರಿಯಾಗಿ ಕೂಡಬೇಕು. ಒಸಡು ನಸುಗೆಂಪಾಗಿರಬೇಕು, ಬಿಳಿಚಿಕೊಂಡಿದ್ದರೆ ಜಂತುಹುಳು ಅಥವಾ ಉಣ್ಣೆಜ್ವರದ ಸಂದೇಹ.

ಮರಿ ತರಲು ಅಕ್ಟೋಬರ್, ನವೆಂಬರ್ ತಿಂಗಳುಗಳು ಪ್ರಶಸ್ತ. ಆಗ ತಂದ ಮರಿಗೆ ಮುಂದಿನ ಜೂನ್ ಹೊತ್ತಿಗೆ ಎಂಟು ಒಂಬತ್ತು ತಿಂಗಳಾಗಿ, ಚುಚ್ಚುಮದ್ದುಗಳೆಲ್ಲ ಮುಗಿದು, ಮಳೆ ತಡೆಯುವ ಮೈ ಬಂದಿರುತ್ತದೆ. ಮೇ, ಜೂನ್‌ನಲ್ಲಿ ತಂದ ಎಂಟು ವಾರದ ಮರಿ ಮಳೆಗಾಲವನ್ನು ದಾಟುವುದು ಕಷ್ಟ.

ಗೂಡು, ಆಹಾರ

ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಹಲಗೆಯ ಮಲಗುದಾಣ ಮಾಡಿ, ಮಳೆಯ ಇರಚಲು ಬೀಳದ ದಿಕ್ಕಿಗೆ ಬಾಗಿಲಿಡಬೇಕು. ಹಾಸಿದ ಗೋಣಿಚೀಲವನ್ನು ವಾರಕ್ಕೆರಡು ಸಲ ಬದಲಾಯಿಸಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಬೇಕು. ಗೂಡಿನ ಮುಂದೆ 15 ಅಡಿ ಉದ್ದ, 10 ಅಡಿ ಅಗಲದ ಜಾಲರಿಯ ಆವರಣವಿರಲಿ. ಚಿರತೆ ಹಾರಿ ಇಳಿಯುವುದರಿಂದ ಮೇಲ್ಭಾಗವನ್ನೂ ಜಾಲರಿಯಿಂದ ಮುಚ್ಚಬೇಕು. ಸಂಜೆಯಾದೊಡನೆ ನಾಯಿ ಈ ಆವರಣದೊಳಗಿರಬೇಕು. ಒಳಗಿನಿಂದ ಬೊಗಳಿ ಎಚ್ಚರಿಸಿದರೆ ಅದರ ಕೆಲಸ ಮುಗಿಯಿತು. ರಾತ್ರಿ ನಾಯಿ ಬೊಗಳಿದಾಗ ಬಾಗಿಲು ತೆಗೆದು ಬಿಡಬಾರದು, ಯಜಮಾನನೂ ಕತ್ತಲಿಗೆ ಇಳಿಯಬಾರದು. ಅರಣ್ಯ ಇಲಾಖೆಯಿಂದ ಆನೆ ಸಂಚಾರದ ಸೂಚನೆ ಬಂದ ದಿನ ಹಗಲಿನಲ್ಲೂ ನಾಯಿಯನ್ನು ಬಿಡದಿರುವುದು ಒಳ್ಳೆಯದು.

ಬರಿಯ ಅನ್ನ, ಸಾರು ಹಾಕಿ ಈ ತಳಿಗಳನ್ನು ಸಾಕಲಾಗುವುದಿಲ್ಲ. ಸುಮಾರು 25 ಕಿ.ಗ್ರಾಂ ತೂಕದ ನಾಯಿಗೆ ದಿನಕ್ಕೆ 1,200ರಿಂದ 1,300 ಕಿಲೊ ಕ್ಯಾಲೊರಿಯಷ್ಟು ಆಹಾರ ಬೇಕು. ರಾಗಿ ಅಥವಾ ಜೋಳದ ನುಚ್ಚು, ಹಾಲು ಇಲ್ಲವೆ ಮಜ್ಜಿಗೆ, ಮೊಟ್ಟೆ, ಬೇಯಿಸಿದ ಮಾಂಸ ಅಥವಾ ಮೀನು ಇವುಗಳನ್ನು ಎರಡು ಹೊತ್ತಿಗೆ ಹಂಚಿ ಕೊಡಬೇಕು. ಬೇಯಿಸಿದ ಕೋಳಿ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ, ಹಾಕಬಾರದು. ಈರುಳ್ಳಿ, ಚಾಕೊಲೇಟು, ಕಾಫಿಯ ಗಷ್ಟು ನಾಯಿಗೆ ವಿಷ. ತಿಂದ ಕೂಡಲೆ ಓಡಿಸಬಾರದು. ಆಳವಾದ ಎದೆಯ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ. ತೋಟದಲ್ಲಿ ಬಸವನಹುಳುವಿಗೆಂದು ಇಡುವ ಮೆಟಾಲ್ಡಿಹೈಡ್ ಗುಳಿಗೆ, ಇಲಿ ಪಾಷಾಣ, ಕೀಟನಾಶಕ ತೊಳೆದ ನೀರು ನಾಯಿಯ ಬಾಯಿಗೆ ಸಿಗದಂತೆ ನೋಡಿಕೊಳ್ಳಬೇಕು.

ರೋಗಗಳ ತಡೆ

ಆರರಿಂದ ಎಂಟು ವಾರದಲ್ಲಿ ಡಿಸ್ಟೆಂಪರ್, ಪಾರ್ವೊ, ಇಲಿಜ್ವರ ಮುಂತಾದವುಗಳ ಸಂಯುಕ್ತ ಚುಚ್ಚುಮದ್ದು ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ 16 ವಾರ ತುಂಬುವವರೆಗೆ ಹಾಕಿಸಬೇಕು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು. ಆ ಮೇಲೆ ವರ್ಷಕ್ಕೊಮ್ಮೆ ತಪ್ಪದೆ. ಮಲೆನಾಡಿನ ನೀರು ನಿಲ್ಲುವ ಜಾಗಗಳಲ್ಲಿ ಇಲಿಜ್ವರದ ಭಯವಿರುವುದರಿಂದ ಅದರ ವಾರ್ಷಿಕ ಚುಚ್ಚುಮದ್ದನ್ನು ಮೇ ತಿಂಗಳಲ್ಲೇ ಮುಗಿಸುವುದು ಲೇಸು. ಜಂತುಹುಳುವಿನ ಔಷಧಿಯನ್ನು ಮರಿಗೆ ಎರಡು ವಾರದಿಂದ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಅನಂತರ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ದೊಡ್ಡ ನಾಯಿಗೆ ಮೂರು ತಿಂಗಳಿಗೊಮ್ಮೆ ಕೊಡಬೇಕು.

ಬಯಲುಸೀಮೆಯಿಂದ ಬಂದ ನಾಯಿಯನ್ನು ಇಲ್ಲಿ ಕೊಲ್ಲುವುದು ಹೆಚ್ಚಾಗಿ ಉಣ್ಣೆ. ಉಣ್ಣೆ ಕಡಿತದಿಂದ ಬೆಬೀಸಿಯಾ, ಎರ್ಲೀಕಿಯಾ ಎಂಬ ರೋಗಾಣುಗಳು ರಕ್ತ ಸೇರುತ್ತವೆ. ಜ್ವರ, ಮೇವು ಬಿಡುವುದು, ಬಿಳಿಚಿದ ಒಸಡು, ಕಾಫಿ ಬಣ್ಣದ ಮೂತ್ರ, ಮೂಗಿನಲ್ಲಿ ರಕ್ತ ಇವುಗಳಲ್ಲಿ ಒಂದು ಕಂಡರೂ ಅಂದೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ತೋಟದಿಂದ ಬಂದ ನಾಯಿಯ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕತ್ತಿನ ಕೆಳಗೆ ದಿನವೂ ನೋಡಿ ಉಣ್ಣೆಯನ್ನು ಚಿಮಟದಿಂದ ಕಿತ್ತು ಸುಡಬೇಕು. ಬರಿಗೈಯಿಂದ ಹಿಸುಕಬಾರದು. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಕಾಡಿನ ಉಣ್ಣೆಯಿಂದಲೇ ಮನುಷ್ಯನಿಗೆ ಹರಡುತ್ತದೆ. ಕಾಡು ತಿರುಗಿ ಬಂದ ನಾಯಿ ಅಂಥ ಉಣ್ಣೆಯನ್ನು ಮನೆಯೊಳಕ್ಕೆ ತರಬಲ್ಲದು.

ನಾಯಿ ಯಾರನ್ನಾದರೂ ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಕೂಡಲೆ ಆಸ್ಪತ್ರೆಗೆ ಹೋಗಬೇಕು. ಗಾಯಕ್ಕೆ ಸುಣ್ಣ, ಮೆಣಸಿನಪುಡಿ ಹಚ್ಚುವುದು ತಪ್ಪು.

ತಳಿ ಉಳಿಯಬೇಕಾದರೆ

ಅಪರೂಪದ ತಳಿಯೊಂದನ್ನು ತಂದವರಿಗೆ ಇನ್ನೊಂದು ಹೊಣೆಯೂ ಇದೆ. ತವರಿನಿಂದ ನೂರಾರು ಮೈಲಿ ದೂರದಲ್ಲಿ ಒಂಟಿಯಾಗಿರುವ ಮುಧೋಳ ಅಥವಾ ರಾಜಪಾಳಯಂ ನಾಯಿಗೆ ಅದೇ ತಳಿಯ ಜೋಡಿ ಸಿಗುವುದಿಲ್ಲ. ಆಗ ಸಿಕ್ಕಿದ ನಾಯಿಯೊಡನೆ ಕೂಡಿ ಹುಟ್ಟಿದ ಮರಿಗಳನ್ನು ಆ ತಳಿಯ ಹೆಸರಿನಲ್ಲೇ ಮಾರುತ್ತಾರೆ. ಎರಡು ಬೇಟೆ ತಳಿಗಳನ್ನು ಒಂದಕ್ಕೊಂದು ಕೂಡಿಸಿದರೆ ಎರಡರ ಗುಣವೂ ಬರುತ್ತದೆಂಬುದು ತಪ್ಪು ಭಾವನೆ. ಎರಡರ ದೋಷವೂ ಬರಬಹುದು, ಎರಡೂ ತಳಿ ಕೆಡುವುದಂತೂ ಖಂಡಿತ. ಒಡಹುಟ್ಟಿದವುಗಳನ್ನು ಕೂಡಿಸುವುದರಿಂದ ಕಿವುಡಿನಂಥ ದೋಷಗಳು ಹೆಚ್ಚುತ್ತವೆ.

ಮರಿ ಮಾಡಿಸುವ ಉದ್ದೇಶವಿಲ್ಲದಿದ್ದರೆ ಸಂತಾನಶಕ್ತಿಹರಣ ಮಾಡಿಸುವುದೇ ಲೇಸು. ಉದ್ದೇಶವಿದ್ದರೆ ಹೆಣ್ಣಿಗೆ 18 ತಿಂಗಳು ತುಂಬಿರಬೇಕು, ವರ್ಷಕ್ಕೆ ಒಂದೇ ಸೂಲು ಇರಬೇಕು. ಗರ್ಭದ ಅವಧಿ ಸುಮಾರು 63 ದಿನ. ಜೋಡಿಯ ಆಯ್ಕೆಗೆ ಮುಧೋಳವಾದರೆ ತಿಮ್ಮಾಪುರದ ಕೇಂದ್ರದ ಸಲಹೆ ಪಡೆಯಬಹುದು.

ಬೇಟೆಯ ಕಾಲ ಮುಗಿದ ಮೇಲೂ ಈ ತಳಿಗಳು ಉಳಿದಿರುವುದು ಅವುಗಳ ತವರಿನ ಸಾಮಾನ್ಯ ರೈತರು ಕೈಬಿಡದೆ ಸಾಕಿದ್ದರಿಂದ. ಮಲೆನಾಡಿನ ಬೆಳೆಗಾರರು ಅವನ್ನು ತರುವುದಾದರೆ ಒಣ ಗೂಡು, ಭದ್ರ ಬೇಲಿ, ದಿನಕ್ಕೊಂದು ಗಂಟೆ ಬಿಡುವು, ವರ್ಷಕ್ಕೊಮ್ಮೆ ಚುಚ್ಚುಮದ್ದು ಈ ನಾಲ್ಕನ್ನು ಮೊದಲು ಸಿದ್ಧಮಾಡಿಕೊಳ್ಳಬೇಕು. ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಊರಿನ ನಾಟಿ ಮರಿಯೊಂದನ್ನು ತಂದು ಸಾಕುವುದೇ ಜಾಣತನ. ಹೆಚ್ಚಿನ ಸಲಹೆಗೆ ಹತ್ತಿರದ ಪಶು ಆಸ್ಪತ್ರೆಯನ್ನು ಅಥವಾ ಹಾಸನದ ಪಶುವೈದ್ಯಕೀಯ ಮಹಾವಿದ್ಯಾಲಯವನ್ನು ಸಂಪರ್ಕಿಸಬಹುದು.